ಚಿತ್ರಕ್ಕೆ ಕೈ ಬೇಕೆಂಬ ಮಾತು

ಪರೀಕ್ಷೆಯ ಕಾಲವು ಸಮೀಪಿಸಿತೆಂದರೆ ಶಾಲೆಯ ವೇಳಾಪಟ್ಟಿಯಲ್ಲಿ ಮೊಟ್ಟಮೊದಲು ಕಾಣೆಯಾಗುವುದು ಚಿತ್ರಕಲೆಯ ಪಾಠ. ಆ ಗಂಟೆಯು ಗಣಿತಕ್ಕೆ ಸಲ್ಲುತ್ತದೆ. ಯಾರೂ ತಕರಾರು ಹೇಳುವುದಿಲ್ಲ. ಹುಟ್ಟುಗುಣವುಳ್ಳವರಿಗೆ ಚಿತ್ರವು ಹೇಗಾದರೂ ಬರುತ್ತದೆ, ಉಳಿದವರಿಗೆ ಎಷ್ಟು ಕಲಿಸಿದರೂ ಬಾರದು ಎಂಬ ನಂಬಿಕೆಯೇ ಇದಕ್ಕೆ ಮೂಲ. ಈ ನಂಬಿಕೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕಾಗಿದೆ.

ಹಾಲೆಂಡ್ ದೇಶದ ವಿನ್ಸೆಂಟ್ ವಾನ್ ಗೋ ಎಂಬಾತನ ಹೆಸರನ್ನು ಕೇಳದ ವಾಚಕರು ವಿರಳ. ಈತನು ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದುದು 1880ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಚಿತ್ರ ಮಾರುವ ಅಂಗಡಿಯಲ್ಲಿ ನೌಕರ, ಉಪಾಧ್ಯಾಯ, ಬೆಲ್ಜಿಯಂನ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ಧರ್ಮಬೋಧಕ, ಇಷ್ಟೂ ಆಗಿ ಯಾವುದರಲ್ಲಿಯೂ ನೆಲೆನಿಲ್ಲಲಿಲ್ಲ. ಆ ಗಣಿಯ ಸೀಮೆಯಲ್ಲಿಯೇ ಕುಳಿತು, ಷಾರ್ಲ್ ಬಾರ್ಗ್ ಎಂಬ ಫ್ರೆಂಚನು ಕಲಿಯುವವರಿಗಾಗಿ ಸಿದ್ಧಪಡಿಸಿದ್ದ 60 ಮಾದರಿ ಹಾಳೆಗಳನ್ನು ತರಿಸಿಕೊಂಡು, ಒಂದೊಂದನ್ನೂ ನಕಲು ಮಾಡಿದನು. ಆ ದಿನಗಳ ಅವನ ಚಿತ್ರಗಳಲ್ಲಿ ಮನುಷ್ಯರು ಮರದ ಗೊಂಬೆಗಳಂತೆ ಸೆಟೆದು ನಿಂತಿದ್ದಾರೆ. ದೂರ ಸಮೀಪಗಳ ಅಳತೆ ತಪ್ಪಬಾರದೆಂದು 1882ರಲ್ಲಿ ದಾರ ಬಿಗಿದ ಚೌಕಟ್ಟೊಂದನ್ನು ಮಾಡಿಸಿ, ಕಮ್ಮಾರನಿಂದ ಅದರ ಕಾಲುಗಳಿಗೆ ಕಬ್ಬಿಣದ ಮೊನೆ ಹಾಕಿಸಿ, ನೆಲದಲ್ಲಿ ಊರಿ, ಅದರ ಮೂಲಕ ನೋಡಿ ಬರೆದನು. 1885ರ ‘ಆಲೂಗಡ್ಡೆ ತಿನ್ನುವವರು’ ಎಂಬ ಪಟಕ್ಕೆ ಮುನ್ನ ರೈತರ ಮುಖಗಳನ್ನು ಸುಮಾರು 40 ಸಲ ಅಭ್ಯಾಸಮಾಡಿದ್ದನು. ಇಷ್ಟಾದ ಮೇಲೂ 1890ರಲ್ಲಿ, ತೀರಿಕೊಳ್ಳುವುದಕ್ಕೆ ಕೆಲವೇ ವಾರಗಳ ಹಿಂದೆ, ಅದೇ ಬಾರ್ಗನ ಹಾಳೆಗಳನ್ನು ಮತ್ತೆ ನಕಲು ಮಾಡಬೇಕಾಗಿದೆ, ಕಳುಹಿಸು ಎಂದು ತಮ್ಮನಿಗೆ ಪತ್ರ ಬರೆದನು.

ಹಾಗಾದರೆ ಪ್ರತಿಭೆ ಎಂಬುದೇ ಇಲ್ಲವೆ? ಉಂಟು, ಹದಿಮೂರರ ಪ್ರಾಯದಲ್ಲಿ ಬಾರ್ಸಿಲೋನದ ಕಲಾಶಾಲೆಯನ್ನು ಸೇರಿದ ಪಿಕಾಸೋನನ್ನು ನೆನೆದರೆ ಅದನ್ನು ಅಲ್ಲಗಳೆಯಲಾಗದು. ಆದರೆ ಆ ಬಾಲಕನ ತಂದೆ ಚಿತ್ರಕಲೆಯ ಉಪಾಧ್ಯಾಯನಾಗಿದ್ದನೆಂಬುದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಮ್ಮ ಮೈಸೂರಿನ ಚಿತ್ರಗಾರರ ಮನೆತನಗಳ ವಿಷಯದಲ್ಲಿಯೂ ‘ರಕ್ತದಲ್ಲಿಯೇ ಬಂದದ್ದು’ ಎಂದು ಹೇಳುವುದು ವಾಡಿಕೆ. ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಬರೆಯುವ ಇದ್ದಿಲನ್ನು ಮಾಡಿ, ಅಳಿಲಿನ ರೋಮದಿಂದ ಕುಂಚ ಕಟ್ಟಿ, ಚಿನ್ನದ ರೇಕು ಕೂರಿಸಲು ಮಕ್ಕಿ ಸಫೇದವನ್ನು ಹದಮಾಡುವ ಮನೆಯಲ್ಲಿ ಬೆಳೆದ ಮಗುವಿಗೆ ರಕ್ತದಿಂದ ಬಂದುದೆಷ್ಟು, ಜಗಲಿಯಿಂದ ಬಂದುದೆಷ್ಟು ಎಂದು ಬೇರ್ಪಡಿಸಬಲ್ಲವರು ಯಾರು?

ಎಲ್ಲರೂ ವಾನ್ ಗೋ ಆಗುವರೆಂದು ನಾವು ಹೇಳುತ್ತಿಲ್ಲ. ಅಕ್ಷರ ಕಲಿತವರೆಲ್ಲರೂ ಕವಿಗಳಾಗುವುದಿಲ್ಲ. ಆದರೂ ಅಕ್ಷರವನ್ನು ಎಲ್ಲರಿಗೂ ಕಲಿಸುತ್ತೇವೆ. ಪಾಠಶಾಲೆಯಲ್ಲಿ ನಾವು ಮರಳಿನ ಮೇಲೆ ಬೆರಳಾಡಿಸಿ ‘ಳ’ಕಾರವನ್ನು ತಿದ್ದುವಾಗ ಅದು ದಿನಗಟ್ಟಲೆ ಬಸವನಹುಳುವಿನಂತೆ ಸುರುಳಿಸುತ್ತಿಕೊಳ್ಳುತ್ತಿತ್ತು. ‘ನಿನಗೆ ಳಕಾರದ ಹುಟ್ಟುಗುಣವಿಲ್ಲ’ ಎಂದು ಯಾರೂ ಹೇಳಲಿಲ್ಲ. ಇನ್ನೊಮ್ಮೆ ತಿದ್ದು ಎಂದರು. ಅದೇ ಕೈ ಮುಂದೆ ಇಂಗ್ಲಿಷ್ ಶಾಲೆಯಲ್ಲಿ ಹೂಜಿಯೊಂದನ್ನು ಬರೆದು ಅದರ ಬಾಯನ್ನು ಸೊಟ್ಟಗೆ ಮಾಡಿದಾಗ, ಮಾಸ್ತರರೊಬ್ಬರು ಹಾಳೆಯನ್ನು ತರಗತಿಗೆಲ್ಲ ಎತ್ತಿ ತೋರಿಸಿ, ನಿನಗೆ ಕೈಯಿಲ್ಲವೆಂದು ತೀರ್ಪಿತ್ತರು. ಹೂಜಿಯ ಬಾಯಿ ದುಂಡಗಿದೆಯೆಂದು ನಮಗೆ ತಿಳಿದಿತ್ತು, ಆದುದರಿಂದ ದುಂಡಗೆ ಬರೆದಿದ್ದೆವು. ಪಕ್ಕದಿಂದ ನೋಡಿದರೆ ಅದು ಚಪ್ಪಟೆಯಾಗಿ ಕಾಣುತ್ತದೆಂದು ತೋರಿಸಿಕೊಟ್ಟಿದ್ದರೆ ಸಾಕಾಗಿತ್ತು. ತಪ್ಪಿದ್ದುದು ಕಣ್ಣು, ಕೈಯಲ್ಲ. ಆ ದಿನದಿಂದ ಮೊನ್ನೆಯವರೆಗೆ ನಾವು ಚಿತ್ರಕ್ಕಾಗಿ ಸೀಸದ ಕಡ್ಡಿಯನ್ನು ಹಿಡಿಯಲಿಲ್ಲ.

ಮೊನ್ನೆ ಹಿಡಿದೆವು. ಮೇಜಿನ ಮೇಲಿನ ನೀರಿನ ಲೋಟವನ್ನು ಹದಿನೇಳು ಸಲ ಬರೆದಾಗ, ಹದಿನೇಳನೆಯದು ಲೋಟವೆಂದು ಕಚೇರಿಯ ಹುಡುಗನು ಕೇಳದೆಯೇ ಗುರುತಿಸಿದನು. ಈ ಸಾರಿಯ ಪರೀಕ್ಷೆಯ ತಿಂಗಳುಗಳಲ್ಲಾದರೂ ವಾರದ ಆ ಒಂದು ಗಂಟೆಯನ್ನು ಮುಟ್ಟದಿರಬೇಕೆಂದು ಮುಖ್ಯೋಪಾಧ್ಯಾಯರುಗಳನ್ನು ಕೇಳಿಕೊಳ್ಳುತ್ತೇವೆ.