ಗಾಯ ಮಾಡದೆ ಕೊಲ್ಲುವ ಪೆಟ್ಟು

ಮುಂಬೈನ ಧಾರಾವಿಯಲ್ಲಿ ಗೋಡೆಗೆ ಗೋಡೆ ತಾಗಿದ್ದರೂ ಕ್ರಿಕೆಟ್‌ಗೆ ಜಾಗ ಸಿಗುತ್ತದೆ. ಅಲ್ಲಿನ ಗಲ್ಲಿಗಳಲ್ಲಿ ಹುಡುಗರೊಂದಿಗೆ ಆಡಿ ಬೆಳೆದ ಸಿಮ್ರಾನ್ ಶೇಖ್ ಅವರನ್ನು 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಗುಜರಾತ್ ಜೈಂಟ್ಸ್ 1.90 ಕೋಟಿ ರೂಪಾಯಿಗೆ ಕೊಂಡಿತು. ಗಲ್ಲಿ ಬಿಟ್ಟು ಮೈದಾನ ಹಿಡಿದವರ ಕೈಗೆ ಟೆನಿಸ್ ಚೆಂಡಿನ ಬದಲು ಚರ್ಮದ ಚೆಂಡು ಬರುತ್ತದೆ. ತಲೆಗೆ ಹೆಲ್ಮೆಟ್, ಕಾಲಿಗೆ ಪ್ಯಾಡ್ ಬರುತ್ತವೆ. ಎದೆಯ ಚಿಂತೆ ಮಾಡುವವರು ಕಡಿಮೆ.

1959ರ ಜನವರಿ 17, ಕರಾಚಿ. ಕ್ವಾಯ್ದ್-ಎ-ಆಜಂ ಟ್ರೋಫಿ ಫೈನಲ್‌ನಲ್ಲಿ ದಿಲ್ದಾರ್ ಅವಾನ್ ಎಸೆದ ಆಫ್ ಬ್ರೇಕ್, ಹದಿಹರೆಯದ ಅಬ್ದುಲ್ ಅಜೀಜ್ ಎದೆಗೆ ಬಡಿಯಿತು. ಮುಂದಿನ ಎಸೆತಕ್ಕೆ ಸಜ್ಜಾಗುತ್ತಲೇ ಆತ ಕುಸಿದ, ಮತ್ತೆ ಏಳಲಿಲ್ಲ. ಚೆಂಡೆಸೆದವನು ವೇಗಿಯಲ್ಲ, ಸ್ಪಿನ್ನರ್!

ಇಂಥ ಸಾವುಗಳ ಒಗಟು ಹಳೆಯದು. 1930ರ ದಶಕದಲ್ಲಿ ಜರ್ಮನಿಯ ಗೇಯಾರ್ಗ್ ಶ್ಲೋಮ್ಕಾ ಮೊಲಗಳ ಎದೆಗೆ ಪೆಟ್ಟು ಕೊಟ್ಟು ಪರೀಕ್ಷಿಸಿದ್ದರು. ಗಂಟು ಬಿಚ್ಚಿದ್ದು 1998ರಲ್ಲಿ, ಬಾಸ್ಟನ್‌ನ ಮಾರ್ಕ್ ಲಿಂಕ್ ತಂಡ. ಅರಿವಳಿಕೆ ಕೊಟ್ಟ ಹಂದಿಮರಿಗಳ ಎದೆಗೆ ಗಂಟೆಗೆ ಸುಮಾರು 48 ಕಿ.ಮೀ. ವೇಗದಲ್ಲಿ ಚೆಂಡು ಬಡಿಸಿದಾಗ ತಿಳಿದದ್ದು: ಬಲಕ್ಕಿಂತ ಗಳಿಗೆ ಮುಖ್ಯ. ಒಂದು ಬಡಿತ ಮುಗಿಸಿ ಹೃದಯ ವಿದ್ಯುತ್ತನ್ನು ಮರಳಿ ತುಂಬಿಕೊಳ್ಳುವ ಹೊತ್ತನ್ನು ಇಸಿಜಿಯಲ್ಲಿ 'ಟಿ' ಅಲೆ ತೋರಿಸುತ್ತದೆ. ಅದರ ಶಿಖರಕ್ಕೆ 15ರಿಂದ 30 ಮಿಲಿಸೆಕೆಂಡ್ ಮುಂಚೆ, ನೇರ ಹೃದಯದ ಮೇಲೆಯೇ ಪೆಟ್ಟು ಬಿದ್ದರೆ ಬಡಿತ ಕೆಟ್ಟು ಬರೀ ಕಂಪನವಾಗುತ್ತದೆ. ರಕ್ತ ಮುಂದೆ ಸಾಗುವುದಿಲ್ಲ. ಹೃದಯವನ್ನು ಕೊಯ್ದು ನೋಡಿದರೂ ಗಾಯ ಕಾಣದು. ವೈದ್ಯರು ಇದನ್ನು ಕಮೋಷಿಯೊ ಕಾರ್ಡಿಸ್ ಎನ್ನುತ್ತಾರೆ. ಚೆಂಡು ಮೆತ್ತಗಾದಷ್ಟೂ ಅಪಾಯ ಕಡಿಮೆ. ಎದೆಗೂಡು ಇನ್ನೂ ಬಾಗುವ ಹುಡುಗರಿಗೇ ಇದು ಹೆಚ್ಚು.

ನಿಜವಾಗಿ ಜಜ್ಜಿದ ಹೃದಯದ ಕಥೆ ಬೇರೆ. ಧಾರಾವಿಯ ಪಕ್ಕದ ಸಯನ್ ಆಸ್ಪತ್ರೆಗೆ ಲೋಕಲ್ ರೈಲಿನಿಂದ ಬಿದ್ದವರು, ರಸ್ತೆಯಲ್ಲಿ ವಾಹನ ಗುದ್ದಿದವರು ಬರುತ್ತಾರೆ. ಅಂಥ ಹೊಡೆತದಲ್ಲಿ ಎದೆಮೂಳೆಯ ಹಿಂದೆಯೇ ಇರುವ ಬಲ ಹೃತ್ಕುಕ್ಷಿ ಮೊದಲು ನಲುಗುತ್ತದೆ; ಕೆಲವೊಮ್ಮೆ ಕವಾಟ ಹರಿಯುವುದೂ ಉಂಟು. ಅದನ್ನು ಪತ್ತೆ ಮಾಡಲು ಇಸಿಜಿ, ಟ್ರೋಪೊನಿನ್ ರಕ್ತಪರೀಕ್ಷೆ, ಎಕೊ ಇವೆ. ಕಂಪಿಸುವ ಹೃದಯ ಅಷ್ಟು ಪುರುಸೊತ್ತು ಕೊಡದು.

ಎದೆಗವಚವನ್ನು ಪೂರ್ತಿ ನಂಬುವಂತಿಲ್ಲ. ಅಮೆರಿಕದಲ್ಲಿ ಅದನ್ನು ತೊಟ್ಟವರೂ ಸತ್ತಿದ್ದಾರೆ. ಜೀವ ಉಳಿಸುವುದು ತಕ್ಷಣದ ಚಿಕಿತ್ಸೆ. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಎದುರಾಳಿಗೆ ಡಿಕ್ಕಿ ಹೊಡೆದು ಕುಸಿದಾಗ ಸಿಬ್ಬಂದಿ ಮೈದಾನದಲ್ಲೇ ಎದೆಯೊತ್ತಿ, ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಟ್ಟರು. ಮುಂದಿನ ಋತುವಿನಲ್ಲಿ ಆತ ಮತ್ತೆ ಆಡಿದ.