ನಡುವೆ ಯಾರೂ ಬೇಡದ ವ್ಯವಹಾರ

ಉತ್ತರ ಕರ್ನಾಟಕದ ದನದ ಸಂತೆಗಳಲ್ಲಿ ಎತ್ತಿನ ದರವನ್ನು ಬಾಯಿಬಿಟ್ಟು ಹೇಳದಿರುವುದು ಹಳೆಯ ರೂಢಿ. ದಲಾಲ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಹೊದಿಸುತ್ತಾನೆ, ಅದರ ಕೆಳಗೆ ಕೊಳ್ಳುವವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದ, ಹೇಗೆ ಹಿಡಿದ ಎನ್ನುವುದರಲ್ಲೇ ಸಾವಿರ, ನೂರುಗಳ ಮಾತು ಮುಗಿಯುತ್ತದೆ. ಸುತ್ತ ನಿಂತ ಮಂದಿಗೆ ಕಾಣುವುದು ಟವೆಲ್ಲಿನ ಅಲುಗಾಟ ಅಷ್ಟೇ. ಆದರೆ ಕೊಡುವವನು ಎಷ್ಟಕ್ಕೆ ಇಳಿಯಬಲ್ಲ, ಕೊಳ್ಳುವವನು ಎಷ್ಟಕ್ಕೆ ಏರಬಲ್ಲ ಎಂಬ ಎರಡೂ ಲೆಕ್ಕ ದಲಾಲನಿಗೆ ಗೊತ್ತು. ಅವನ ಕಸುಬು ನಿಂತಿರುವುದೇ ಅದರ ಮೇಲೆ.

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಂಥ ಮಾರುಕಟ್ಟೆಗಳಲ್ಲಿ ಈಗ ಇ-ಟೆಂಡರ್ ಕಾಲ. ಕರ್ನಾಟಕ ಸರ್ಕಾರ ಸರಕು ವಿನಿಮಯ ಸಂಸ್ಥೆ ಎನ್‌ಸಿಡಿಇಎಕ್ಸ್ ಬಳಗದ ಜೊತೆ ಕೂಡಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. 2016ರಲ್ಲಿ ಕೇಂದ್ರದ ಇ-ನ್ಯಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲ ಬಂತು. ಖರೀದಿದಾರ ಕೂತಲ್ಲಿಂದಲೇ ಲಾಟಿಗೆ ದರ ಬರೆಯುತ್ತಾನೆ, ಹೊತ್ತು ಮುಗಿದ ಮೇಲೆ ಹೆಚ್ಚು ಬರೆದವನ ಹೆಸರು ಬೀಳುತ್ತದೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಸರ್ವರ್‌ಗೆ ಮಾತ್ರ ಎಲ್ಲರದೂ ಕಾಣುತ್ತದೆ. ಟವೆಲ್ ಕೆಳಗಿದ್ದ ನಂಬಿಕೆ ಒಂದು ಯಂತ್ರಕ್ಕೆ, ಅದನ್ನು ನಡೆಸುವವರಿಗೆ ವರ್ಗವಾಯಿತು.

ಆಧಾರ್‌ನ ಕಥೆಯೂ ಬೇರೆಯಲ್ಲ. ಧಾರವಾಡದ ಸೇಂಟ್ ಜೋಸೆಫ್ ಹೈಸ್ಕೂಲು, ಕರ್ನಾಟಕ ಕಾಲೇಜುಗಳಲ್ಲಿ ಓದಿದ ನಂದನ್ ನಿಲೇಕಣಿ 2009ರಲ್ಲಿ ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರಾದರು. ನೋಂದಣಿ ಕೇಂದ್ರದಲ್ಲಿ ಬೆರಳೊತ್ತಿದ ಗುರುತು 2048 ಬಿಟ್‌ಗಳ ಬೀಗ ಹಾಕಿಕೊಂಡೇ ಹೊರಡುತ್ತದೆ. ಆ ಬೀಗ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ಕಟ್ಟಿದ ಗಣಿತ. ದಾರಿಯಲ್ಲಿ ಅದನ್ನು ಒಡೆಯುವುದು ಆಗದ ಮಾತು. ಆದರೆ ಗುರುತನ್ನು ತಾಳೆ ನೋಡಬೇಕಾದರೆ ಪ್ರಾಧಿಕಾರದ ದತ್ತಾಂಶ ಕೇಂದ್ರದಲ್ಲಿ ಬೀಗ ತೆರೆಯಲೇಬೇಕು.

ತೆರೆಯದೆಯೇ ಲೆಕ್ಕ ಹಾಕಲಾದೀತೇ? ನಡುವಿನವನನ್ನು ಪೂರ್ತಿ ಬಿಟ್ಟುಬಿಡಲಾದೀತೇ? ನಾಲ್ಕು ದಶಕಗಳಿಂದ ಗೂಢಲಿಪಿ ಸಿದ್ಧಾಂತಿಗಳೆಂಬ ಒಂದು ಬಗೆಯ ವಿಜ್ಞಾನಿಗಳು ಈ ಪ್ರಶ್ನೆಯ ಮೇಲೆ ಬದುಕು ಕಟ್ಟಿಕೊಂಡಿದ್ದಾರೆ. ಹ್ಯಾಕರ್‌ಗಳನ್ನು ಹಿಡಿಯುವುದಾಗಲಿ, ಪಾಸ್‌ವರ್ಡ್ ಕಾಯುವುದಾಗಲಿ ಅವರ ಕೆಲಸವಲ್ಲ. ಕಾಗದ, ಪೆನ್ನು ಹಿಡಿದು ಇಂಥದ್ದು ಸಾಧ್ಯ, ಇಂಥದ್ದು ಎಂದಿಗೂ ಅಸಾಧ್ಯ ಎಂದು ಸಾಬೀತು ಮಾಡುವುದು ಅವರ ದಿನಚರಿ.

ಇದನ್ನು ಮೊದಮೊದಲು ಕೇಳಿದವರಲ್ಲೊಬ್ಬರು ಶಾಂಘೈನಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಿಸುತ್ತಿದ್ದ ಆಂಡ್ರ್ಯೂ ಯಾವೋ, 1982ರಲ್ಲಿ. ಇಬ್ಬರು ಕೋಟ್ಯಧೀಶರಿಗೆ ತಮ್ಮಲ್ಲಿ ಯಾರು ಹೆಚ್ಚು ಸಿರಿವಂತರು ಎಂದು ತಿಳಿಯಬೇಕು, ಆಸ್ತಿ ಎಷ್ಟೆಂದು ಮಾತ್ರ ಹೇಳಲೊಲ್ಲರು, ಮೂರನೆಯವರನ್ನು ಕರೆಯುವಂತಿಲ್ಲ. ಯಾವೋ ಇದಕ್ಕೆ ದಾರಿ ತೋರಿಸಿದರು. ತಮಾಷೆಯೆಂದರೆ, ಅವರ ಹೆಸರಿನಲ್ಲಿ ಇಂದು ಎಲ್ಲರೂ ಬಳಸುವ ಮುಖ್ಯ ತಂತ್ರ 1986ರ ಅವರ ಪ್ರಬಂಧದಲ್ಲಿ ಬರಹವಾಗಿ ಇಲ್ಲವೇ ಇಲ್ಲ. ಉಪನ್ಯಾಸದಲ್ಲಿ ಹೇಳಿದ್ದನ್ನು ಕೇಳಿದವರು ದಾಟಿಸಿಕೊಂಡು ಬಂದರು.

ಅದೇ 1982ರಲ್ಲಿ ಶಾಫಿ ಗೋಲ್ಡ್‌ವಾಸರ್ ಮತ್ತು ಸಿಲ್ವಿಯೋ ಮಿಕಾಲಿ ಎಂಬ ಇಬ್ಬರು ಎಳೆಯರು ಫೋನಿನಲ್ಲಿ ಇಸ್ಪೀಟು ಆಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದರು. ಎದುರಿಗಿಲ್ಲದವನು ಎಲೆ ಹಂಚುವಾಗ ಮೋಸ ಮಾಡಲಿಲ್ಲವೆಂದು ನಂಬುವುದು ಹೇಗೆ? ಆಟದಂಥ ಈ ಪ್ರಶ್ನೆಯಿಂದ ಗೂಢಲಿಪಿಯ ಸುರಕ್ಷತೆಗೆ ಮೊದಲ ಬಾರಿ ಖಚಿತವಾದ ಗಣಿತದ ವ್ಯಾಖ್ಯೆ ಸಿಕ್ಕಿತು. ಚಾರ್ಲ್ಸ್ ರಾಕಾಫ್ ಜೊತೆ ಸೇರಿ ಬರೆದ ಅವರ ಮುಂದಿನ ಪ್ರಬಂಧ ಒಂದಲ್ಲ, ಹಲವು ಸಲ ವಾಪಸು ಬಂದು 1985ರಲ್ಲಷ್ಟೇ ಬೆಳಕು ಕಂಡಿತು. ಗೋಲ್ಡ್‌ವಾಸರ್, ಮಿಕಾಲಿ ಇಬ್ಬರಿಗೂ 2012ರ ಟ್ಯೂರಿಂಗ್ ಪ್ರಶಸ್ತಿ ಬಂತು. 

ನೋಡದೆ ಲೆಕ್ಕ ಹಾಕುವ ಈ ವಿದ್ಯೆಯ ಬುನಾದಿ ಮಾತ್ರ ತೀರಾ ಸರಳ. ಮೂರು ದಲಾಲಿ ಅಂಗಡಿಗಳು ತಮ್ಮಲ್ಲಿರುವ ಒಟ್ಟು ಹತ್ತಿ ಎಷ್ಟೆಂದು ತಿಳಿಯಬೇಕೆಂದುಕೊಳ್ಳಿ. ತಮ್ಮ ತಮ್ಮ ದಾಸ್ತಾನು ಬಿಟ್ಟುಕೊಡಬಾರದು. ಮೊದಲನೆಯವನಲ್ಲಿ 40 ಬೇಲ್. ಅವನು ಅದನ್ನು 73, 91, 76 ಎಂದು ಒಡೆಯುತ್ತಾನೆ. ಕೂಡಿದರೆ 240, ಕೊನೆಯ ಎರಡು ಅಂಕಿ ಮಾತ್ರ ಲೆಕ್ಕಕ್ಕೆ. ಎರಡನೆಯವನು ತನ್ನ 25ನ್ನು 10, 60, 55 ಎಂದೂ ಮೂರನೆಯವನು ತನ್ನ 30ನ್ನು 88, 5, 37 ಎಂದೂ ಒಡೆಯುತ್ತಾರೆ. ಪ್ರತಿಯೊಬ್ಬನೂ ಒಂದು ತುಂಡು ತಾನಿಟ್ಟುಕೊಂಡು ಉಳಿದೆರಡನ್ನು ಉಳಿದಿಬ್ಬರಿಗೆ ಕೊಡುತ್ತಾನೆ. ಈಗ ಮೊದಲನೆಯವನ ಕೈಯಲ್ಲಿ 73, 10, 88, ಅಂದರೆ 71. ಎರಡನೆಯವನಲ್ಲಿ 56, ಮೂರನೆಯವನಲ್ಲಿ 68. ಈ ಮೂರನ್ನು ಕೂಗಿ ಹೇಳಿ ಕೂಡಿದರೆ 195, ಅಂದರೆ 95. ಉತ್ತರ ಸರಿ. ಯಾರ ದಾಸ್ತಾನೂ ಹೊರಬೀಳಲಿಲ್ಲ, ಏಕೆಂದರೆ ಒಬ್ಬನ ಮೂರೂ ತುಂಡು ಒಟ್ಟಾಗದ ಹೊರತು ಅವು ಏನನ್ನೂ ಹೇಳದ ಸಂಖ್ಯೆಗಳು.

ಗುಟ್ಟನ್ನು ಹೀಗೆ ಹಂಚಿಡುವ ವಿಧಾನಕ್ಕೆ 1979ರಲ್ಲಿ ಶಮೀರ್, ಮತ್ತು ಅವರ ಸಂಪರ್ಕವಿಲ್ಲದೆಯೇ ಬ್ಲೇಕ್ಲಿ, ಭದ್ರವಾದ ರೂಪ ಕೊಟ್ಟರು. ಕೂಡುವುದು ಸುಲಭ, ಗುಣಿಸುವುದು ಕಷ್ಟ, ಯಾವುದು ದೊಡ್ಡದೆಂದು ಹೋಲಿಸುವುದು ಇನ್ನೂ ಕಷ್ಟ. 1987ರಲ್ಲಿ ಗೋಲ್ಡ್‌ರೈಖ್, ಮಿಕಾಲಿ, ವಿಗ್ಡರ್‌ಸನ್ ಯಾವ ಲೆಕ್ಕವನ್ನಾದರೂ ಹೀಗೆ ಮಾಡಬಹುದೆಂದು ತೋರಿಸಿದರು. ಮರುವರ್ಷ ಎರಡು ತಂಡಗಳು ಇನ್ನೂ ಬಿರುಸಿನ ಫಲಿತಾಂಶ ತಂದವು: ಕೂಟದಲ್ಲಿ ಮೋಸಗಾರರು ಮೂರನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ, ಜಗತ್ತಿನ ಅತಿ ಬಲಿಷ್ಠ ಕಂಪ್ಯೂಟರ್ ಇಟ್ಟುಕೊಂಡರೂ ಅವರಿಗೆ ಉಳಿದವರ ಗುಟ್ಟು ದಕ್ಕದು. ಆ ತಂಡಗಳಲ್ಲೊಂದರಲ್ಲಿ ಡೆನ್ಮಾರ್ಕ್‌ನ ಇವಾನ್ ಡಾಮ್ಗಾರ್ಡ್ ಇದ್ದರು.

ಇಪ್ಪತ್ತು ವರ್ಷ ಇದು ಸಿದ್ಧಾಂತವಾಗಿಯೇ ಉಳಿಯಿತು. 2004ರಲ್ಲಿ ಇಸ್ರೇಲಿನ ಸಂಶೋಧಕರು ಯಾವೋ ತಂತ್ರವನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ಓಡಿಸಿದಾಗ ಎರಡು ಸಂಖ್ಯೆ ಹೋಲಿಸಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯಿತು. ಕ್ಯಾಲ್ಕುಲೇಟರ್ ಕಣ್ಣು ಮಿಟುಕಿಸುವುದರಲ್ಲಿ ಮಾಡುವ ಕೆಲಸ.

ಜಗತ್ತಿನ ಮೊದಲ ದೊಡ್ಡ ಪ್ರಯೋಗ ನಡೆದದ್ದು ಬ್ಯಾಂಕಿನಲ್ಲೂ ಅಲ್ಲ, ಸೈನ್ಯದಲ್ಲೂ ಅಲ್ಲ, ರೈತರ ನಡುವೆ. ಸಕ್ಕರೆಗೆ ಐರೋಪ್ಯ ಒಕ್ಕೂಟ ಕೊಡುತ್ತಿದ್ದ ಆಸರೆ ಕುಸಿದಾಗ, ಡೆನ್ಮಾರ್ಕ್‌ನ ಸಕ್ಕರೆ ಬೀಟ್ ಬೆಳೆಗಾರರು ಬೆಳೆಯುವ ಹಕ್ಕನ್ನು ತಮ್ಮೊಳಗೇ ಮಾರಿಕೊಳ್ಳಬೇಕಾಯಿತು. ಬೀಟ್ ಕೊಳ್ಳುವ ಕಾರ್ಖಾನೆ ಡಾನಿಸ್ಕೊ ಒಂದೇ. ರೈತ ಯಾವ ದರಕ್ಕೆ ಎಷ್ಟು ಮಾರಲು ಸಿದ್ಧ ಎಂಬುದು ಕಾರ್ಖಾನೆಗೆ ತಿಳಿದರೆ ಅವನ ಹೊಲದ ಇಳುವರಿ, ಸಾಲದ ಬಿಗಿ ಎಲ್ಲವೂ ತಿಳಿದಂತೆ. ಆರ್ಹುಸ್ ವಿಶ್ವವಿದ್ಯಾಲಯದ ಬಳಗ ಮೂರು ಸರ್ವರ್ ಇಟ್ಟಿತು: ಒಂದು ಕಾರ್ಖಾನೆಯದು, ಒಂದು ಬೆಳೆಗಾರರ ಸಂಘದ್ದು, ಒಂದು ಸಂಶೋಧಕರದು. 2008ರ ಜನವರಿಯಲ್ಲಿ ಸುಮಾರು 1,200 ರೈತರು 4,000 ದರಗಳಿಗೆ ತಮ್ಮ ಪ್ರಮಾಣ ತುಂಬಿದರು. ತುಂಡುಗಳು ಮೂರು ಕಡೆ ಹಂಚಿಹೋದವು. ಸುಮಾರು ಅರ್ಧ ಗಂಟೆಯ ಲೆಕ್ಕದ ಬಳಿಕ ಒಂದೇ ಒಂದು ಸಂಖ್ಯೆ ಹೊರಬಂತು, ಮಾರುಕಟ್ಟೆ ದರ. ಸುಮಾರು 25,000 ಟನ್‌ಗಳ ಹಕ್ಕು ಕೈ ಬದಲಾಯಿಸಿತು.

ಹುಬ್ಬಳ್ಳಿಯಲ್ಲಿ ಕೂತು ಇದನ್ನು ಓದಿದರೆ ಅಮರಗೋಳ ನೆನಪಾಗದೆ ಇರದು. ಎಪಿಎಂಸಿಯದೊಂದು ಸರ್ವರ್, ರೈತ ಸಂಘಟನೆಯದೊಂದು, ಮೂರನೆಯದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದೋ ಐಐಐಟಿಯದ್ದೋ. ತಂತ್ರಜ್ಞಾನದ ಅಡ್ಡಿಯೇನೂ ಇಲ್ಲ. ಆದರೂ ಆಸೆ ಮಿತಿಯಲ್ಲಿರಲಿ: 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಬಿದ್ದಾಗ ಬ್ಯಾಡಗಿಯಲ್ಲಿ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಯಾರ ದರವನ್ನೂ ಯಾರೂ ಮೊದಲೇ ನೋಡಲಿಲ್ಲ ಎಂದು ಗಣಿತ ಖಾತ್ರಿ ಕೊಡಬಲ್ಲದು. ದರ ಏರಿಸಲಾರದು.

ಡೆನ್ಮಾರ್ಕ್‌ನಿಂದ ಕರ್ನಾಟಕಕ್ಕೆ ಈ ವಿದ್ಯೆ ಬಂದ ಒಂದು ದಾರಿ ಮದ್ರಾಸಿನ ಮೂಲಕ. ಐಐಟಿ ಮದ್ರಾಸಿನಲ್ಲಿ ಸಿ. ಪಾಂಡುರಂಗನ್ ಅವರ ಗರಡಿಯಲ್ಲಿ ಅರ್ಪಿತಾ ಪಾತ್ರ ಮತ್ತು ಆಶಿಷ್ ಚೌಧರಿ ಒಟ್ಟೊಟ್ಟಿಗೆ ಪಿಎಚ್.ಡಿ. ಮಾಡಿದರು. ಸಂದೇಶ ಯಾವಾಗ ತಲುಪುತ್ತದೆಂಬ ಖಾತ್ರಿಯೇ ಇಲ್ಲದ ಜಾಲದಲ್ಲಿ ಗುಟ್ಟು ಹಂಚುವುದು ಹೇಗೆ ಎಂಬುದು ಆಗ ಇಬ್ಬರ ಪ್ರಶ್ನೆ. ಅರ್ಪಿತಾ ಆರ್ಹುಸ್, ಜ್ಯೂರಿಕ್, ಬ್ರಿಸ್ಟಲ್‌ಗಳಲ್ಲಿ ಸಂಶೋಧನೆ ಮಾಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಆಶಿಷ್ ಐಐಐಟಿ ಬೆಂಗಳೂರಿಗೆ ಬಂದರು. ಅಷ್ಟರಲ್ಲಿ ನೆಲ ಹದವಾಗಿತ್ತು: ವಿಜ್ಞಾನ ಸಂಸ್ಥೆಯಲ್ಲಿ ಸಿ.ಇ. ವೇಣಿ ಮಾಧವನ್ ಬಹಳ ಮೊದಲೇ ಗೂಢಲಿಪಿಶಾಸ್ತ್ರ ಕಲಿಸಿದ್ದರು, 2005ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಬೆಂಗಳೂರಿನಲ್ಲಿ ಕಚೇರಿ ತೆರೆದಿತ್ತು, 2013ರಲ್ಲಿ ಏಷ್ಯಾಕ್ರಿಪ್ಟ್ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ಸಿದ್ಧಾಂತಿಯ ಕೆಲಸ ಹೇಗಿರುತ್ತದೆಂದು ನೋಡಲು ಅರ್ಪಿತಾ ಮತ್ತು ಅವರ ಶಿಷ್ಯೆ ದಿವ್ಯಾ ರವಿ 2018ರ ಕ್ರಿಪ್ಟೋ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಸಾಕು. ಮೂವರು ಕೂಡಿ ಲೆಕ್ಕ ಹಾಕುತ್ತಾರೆ, ಒಬ್ಬ ಮೋಸಗಾರ ಇರಬಹುದು. ಉತ್ತರ ಅವನಿಗೆ ಸಿಕ್ಕಿದರೆ ಉಳಿದಿಬ್ಬರಿಗೂ ಸಿಗಲೇಬೇಕು. ಇದಕ್ಕೆ ಕನಿಷ್ಠ ಎಷ್ಟು ಸುತ್ತು ಸಂದೇಶ ಕಳಿಸಬೇಕು? ಮೂರು ಸಾಕು, ಎರಡು ಯಾವ ಜಾಣತನಕ್ಕೂ ಸಾಲದು ಎಂಬುದು ಅವರ ಉತ್ತರ. ಆ ‘ಸಾಲದು’ ಎಂಬುದನ್ನು ಸಾಬೀತು ಮಾಡುವುದೇ ಕಷ್ಟದ ಭಾಗ, ಏಕೆಂದರೆ ಇನ್ನೂ ಯಾರ ತಲೆಗೂ ಹೊಳೆಯದ ವಿಧಾನಗಳನ್ನೂ ಸೇರಿಸಿ ಎಲ್ಲವೂ ಸೋಲುತ್ತವೆಂದು ತೋರಿಸಬೇಕು. ಮುಂದೆ ಅರ್ಪಿತಾ ಅವರ ಪ್ರಯೋಗಾಲಯ ಆಸ್ಪತ್ರೆ, ಬ್ಯಾಂಕುಗಳ ಮಾಹಿತಿಯನ್ನು ಬಿಚ್ಚದೆಯೇ ಯಂತ್ರಕಲಿಕೆ ನಡೆಸುವ ವಿಧಾನಗಳತ್ತ ಹೊರಳಿತು. ಸುತ್ತುಗಳನ್ನು ಉಳಿಸುವ ಜಿಪುಣತನ ಅಲ್ಲಿ ವೇಗದ ರೂಪದಲ್ಲಿ ಫಲ ಕೊಟ್ಟಿತು. ಮೈಕ್ರೋಸಾಫ್ಟ್‌ನ ಬೆಂಗಳೂರು ತಂಡವೂ ಇದೇ ಹಾದಿಯಲ್ಲಿ 2020ರಲ್ಲಿ ಕ್ರಿಪ್ಟ್‌ಫ್ಲೋ ಎಂಬ ಸಲಕರಣೆ ತಂದಿತು.

ಈ ವೃತ್ತಿಗೆ ಅದರದೇ ರೀತಿ ರಿವಾಜುಗಳಿವೆ. ಪ್ರಬಂಧದಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿ ಬರುತ್ತವೆ, ಗುರು ಶಿಷ್ಯರೆಂಬ ಹಿರಿಕಿರಿತನ ಇಲ್ಲ. ಮುಖ್ಯ ವೇದಿಕೆ 1981ರಿಂದ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನಡೆಯುವ ಕ್ರಿಪ್ಟೋ. ಪರಿಶೀಲಿಸುವವರಿಗೆ ಬರೆದವರ ಹೆಸರು ಕಾಣಿಸುವುದಿಲ್ಲ. ಸಂಬಳದ ಮಾತು ಬಂದರೆ ಉತ್ಸಾಹ ತಣ್ಣಗಾಗುತ್ತದೆ. 2023ರ ಜನವರಿಯಿಂದ ಕೇಂದ್ರದ ಸಂಶೋಧನಾ ಶಿಷ್ಯವೇತನ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಬಿಇ ಮುಗಿಸಿದ ಕೂಡಲೇ ಬೆಂಗಳೂರಿನ ಕಂಪನಿ ಕರೆಯುವಾಗ ಐದಾರು ವರ್ಷ ಇದರಲ್ಲಿ ಕಳೆಯುತ್ತೇನೆಂದು ಮನೆಯಲ್ಲಿ ಒಪ್ಪಿಸುವುದು ಸುಲಭವಲ್ಲ. ಮುಗಿಸಿದವರೂ ಹೊರಗೆ ಹೋಗುತ್ತಾರೆ: ದಿವ್ಯಾ ರವಿ ಆರ್ಹುಸ್‌ಗೆ, ಅಲ್ಲಿಂದ ಆಮ್‌ಸ್ಟರ್‌ಡಾಮ್‌ಗೆ ಹೋದರು.

ಹುಬ್ಬಳ್ಳಿ-ಧಾರವಾಡದಲ್ಲಿ ಈ ದಾರಿಯ ಮೊದಲ ಮೆಟ್ಟಿಲುಗಳು ಹೆಚ್ಚಾಗಿ ಈಚಿನವು. ಐಐಐಟಿ 2015ರಲ್ಲಿ ಹುಬ್ಬಳ್ಳಿಯ ಐಟಿ ಪಾರ್ಕ್‌ನಲ್ಲಿ ಆರಂಭವಾಯಿತು, ಐಐಟಿ 2016ರಲ್ಲಿ ಧಾರವಾಡದ ವಾಲ್ಮಿ ಆವರಣದಲ್ಲಿ. ಎರಡಕ್ಕೂ ಈಗ ಸ್ವಂತ ಕ್ಯಾಂಪಸ್ ಇದೆ. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಆಶಿಷ್ ಚೌಧರಿಯವರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ವಿದ್ಯಾನಗರದ ಹಾಸ್ಟೆಲ್ಲಿನಲ್ಲಿ ಮೊಬೈಲ್ ಹಿಡಿದೂ ನೋಡಬಹುದು. ಅವಕ್ಕೆ ಕೋಡಿಂಗ್ ಕೈಚಳಕಕ್ಕಿಂತ ಹೆಚ್ಚು ಬೇಕಾಗುವುದು ಸಂಭಾವ್ಯತೆ ಮತ್ತು ಬೀಜಗಣಿತ. ಶಮೀರ್ ಗುಟ್ಟು ಹಂಚಿದ್ದು, ಎರಡು ಬಿಂದು ಸಿಕ್ಕರೆ ಸರಳರೇಖೆ ಗೊತ್ತಾಗುತ್ತದೆ, ಒಂದೇ ಸಿಕ್ಕರೆ ಏನೂ ಗೊತ್ತಾಗದು ಎಂಬ ಪಿಯುಸಿ ಗಣಿತದ ಮೇಲೆ. ಸೀಮಿತ ಕ್ಷೇತ್ರಗಳನ್ನು ಓದಿಕೊಂಡು ಕರ್ನಾಟಕ ವಿಶ್ವವಿದ್ಯಾಲಯದಿಂದ ಹೊರಬರುವ ಗಣಿತದ ಎಂ.ಎಸ್ಸಿ.ಯವರಿಗೆ ಇದು ಕಂಪ್ಯೂಟರ್ ಎಂಜಿನಿಯರುಗಳಿಗಿಂತ ಹತ್ತಿರದ ದಾರಿಯಾದೀತು, ಬಿ.ಇಡಿ. ಸಾಲಿನಲ್ಲಿ ನಿಲ್ಲುವ ಮುನ್ನ ಅದನ್ನು ಯಾರಾದರೂ ಅವರಿಗೆ ಹೇಳಬೇಕು.