ಆಳವಿಲ್ಲದ ಕಡಲಿನ ಕಾವಲುನೌಕೆ

1930ರ ಏಪ್ರಿಲ್ ತಿಂಗಳಿನಲ್ಲಿ ಜಗತ್ತಿನ ಪ್ರಮುಖ ನೌಕಾರಾಷ್ಟ್ರಗಳು ಲಂಡನ್ನಿನಲ್ಲಿ ಕಲೆತು, ಪರಸ್ಪರರ ಯುದ್ಧನೌಕೆಗಳ ತೂಕಕ್ಕೆ ಮಿತಿಯನ್ನು ವಿಧಿಸುವ ಒಪ್ಪಂದವೊಂದಕ್ಕೆ ಸಹಿಹಾಕಿದಾಗ, 600 ಟನ್ನಿಗೆ ಮೀರದ ಸಣ್ಣ ನೌಕೆಗಳನ್ನು ಆ ಲೆಕ್ಕದಿಂದ ಹೊರಗಿಟ್ಟವು. ಈ ಒಂದು ವಿನಾಯಿತಿಯ ಫಲವಾಗಿ ಹುಟ್ಟಿದ ಹಡಗುಗಳ ಪೈಕಿ ಬ್ರಿಟಿಷ್ ನೌಕಾಬಲದ ‘ಪಫಿನ್’ ಎಂಬುದೂ ಒಂದು. ಕರಾವಳಿ ಸ್ಲೂಪ್ ಎಂದು ಕರೆಯಲ್ಪಟ್ಟ ಈ ವರ್ಗದಲ್ಲಿ ಒಟ್ಟು ಒಂಬತ್ತು ಹಡಗುಗಳಿದ್ದುವು. ಕಿಂಗ್‌ಫಿಷರ್, ಮ್ಯಾಲರ್ಡ್, ಪಫಿನ್, ಕಿಟಿವೇಕ್, ಶೆಲ್ಡ್ರೇಕ್, ವಿಜನ್, ಗಿಲೆಮಾಟ್, ಪಿನ್‌ಟೇಲ್, ಶಿಯರ್‌ವಾಟರ್ ಎಂದು ಎಲ್ಲವಕ್ಕೂ ನೀರಹಕ್ಕಿಗಳ ಹೆಸರು. ಇವುಗಳ ಎರಡನೆಯ ಮಹಾಯುದ್ಧಕಾಲದ ಚರಿತ್ರೆಯನ್ನು ಓದುವವರು ಮೊದಲು ಶತ್ರುವಿನ ಹೆಸರನ್ನು ಹುಡುಕುವುದು ಸಹಜ. ಆದರೆ ನನ್ನ ಎಣಿಕೆಯಲ್ಲಿ ಇವುಗಳ ಹುಟ್ಟು, ದುಡಿಮೆ, ಅಂತ್ಯ ಮೂರನ್ನೂ ಆಳಿದುದು ಒಂದು ಭೌಗೋಳಿಕ ಸಂಗತಿ. ಇಂಗ್ಲೆಂಡಿನ ಪೂರ್ವತೀರವನ್ನು ತೊಳೆಯುವ ಉತ್ತರ ಸಮುದ್ರದ ದಕ್ಷಿಣಭಾಗವು ಬಲು ಕಿರಿದಾಳದ್ದು. ಅಲ್ಲಿ ಬಹಳೆಡೆಗಳಲ್ಲಿ ತಳವು 150 ಅಡಿಗಿಂತ ಕಡಿಮೆ ಆಳದಲ್ಲಿಯೇ ಸಿಕ್ಕುತ್ತದೆ, ದಡದ ಬಳಿಯ ಮರಳುದಿಬ್ಬಗಳು ನೀರಿಳಿತದ ವೇಳೆಯಲ್ಲಿ ತಲೆಯೆತ್ತಿ ನಿಲ್ಲುತ್ತವೆ. ಅಂಥ ಕಡಲಿಗೆಂದೇ ಕಟ್ಟಿದ ಯಂತ್ರವೊಂದು ಹೇಗಿರಬೇಕಾಯಿತು, ಹೇಗೆ ನಡೆದುಕೊಂಡಿತು ಎಂಬುದು ವಿಚಾರಮಾಡತಕ್ಕ ವಿಷಯ.

ಪಫಿನ್ ನೀರಿಗಿಳಿದುದು 1936ರಲ್ಲಿ, ಗ್ಲಾಸ್ಗೊ ನಗರದ ಕ್ಲೈಡ್ ನದಿಯ ದಡದಲ್ಲಿದ್ದ ಅಲೆಕ್ಸಾಂಡರ್ ಸ್ಟೀಫನ್ ಸಂಸ್ಥೆಯ ಕಟ್ಟೆಯಿಂದ. 243 ಅಡಿ ಉದ್ದ, 26 ಅಡಿಗೆ ತುಸು ಮೀರಿದ ಅಗಲ, 510 ಟನ್ ತೂಕ. ಮುಂಭಾಗದಲ್ಲಿ ನಾಲ್ಕಂಗುಲದ ಒಂದು ಫಿರಂಗಿ, ಹಿಂಭಾಗದಲ್ಲಿ ನಲವತ್ತು ಡೆಪ್ತ್ ಚಾರ್ಜುಗಳು. ಇವೆಲ್ಲವನ್ನೂ ನಡೆಯಿಸಲು ಸುಮಾರು ಅರುವತ್ತು ಜನ ನಾವಿಕರು. ಇಷ್ಟು ಸಣ್ಣ ಒಡಲಿನಲ್ಲಿ ವಿಧ್ವಂಸಕ ನೌಕೆಗಳಿಗೆ ತಕ್ಕ ಅಂಗಾಂಗಗಳನ್ನು ತುಂಬಿದ್ದುದು ಇದರ ವಿಶೇಷ. ಎರಡು ಬಾಯ್ಲರುಗಳ ಉಗಿಯಿಂದ ತಿರುಗುವ ಪಾರ್ಸನ್ಸ್ ಟರ್ಬೈನುಗಳು ಹಲ್ಲುಗಾಲಿಗಳ ಮೂಲಕ ಎರಡು ದಂಡಗಳಿಗೆ 3,600 ಅಶ್ವಶಕ್ತಿಯನ್ನು ಒದಗಿಸಿ ಹಡಗನ್ನು 20 ನಾಟ್ ವೇಗದಲ್ಲಿ ಓಡಿಸುತ್ತಿದ್ದುವು. (ಇದೇ ಕ್ಲೈಡ್ ದಡದಲ್ಲಿ, ವಿಜನ್ ಎಂಬ ಸೋದರನೌಕೆಯನ್ನು ಕಟ್ಟಿದ ‘ಯಾರೋ’ (Yarrow) ಎಂಬ ಸಂಸ್ಥೆಯ ಕಟ್ಟೆಯಿಂದಲೇ, 1943ರಲ್ಲಿ ಭಾರತದ ನೌಕಾಬಲಕ್ಕೆಂದು ಒಂದು ದೊಡ್ಡ ಸ್ಲೂಪ್ ನೀರಿಗಿಳಿಯಿತು, ನಮ್ಮ ಕಾವೇರಿಯ ಹೆಸರನ್ನು ಹೊತ್ತ ಆ ಹಡಗು ಸ್ವತಂತ್ರ ಭಾರತದ ಧ್ವಜದಡಿಯಲ್ಲಿಯೂ ಸೇವೆ ಸಲ್ಲಿಸಿದುದನ್ನು ಇಲ್ಲಿ ಸಂತೋಷದಿಂದ ನೆನೆಯುತ್ತೇನೆ.)

ಕರಾವಳಿಯ ಕಾವಲಿಗೆ ಇಷ್ಟು ವೇಗವೇಕೆ ಎಂಬ ಪ್ರಶ್ನೆಗೆ ಉತ್ತರವು ಡೆಪ್ತ್ ಚಾರ್ಜಿನ ರಚನೆಯಲ್ಲಿಯೇ ಅಡಗಿದೆ. ಪೀಪಾಯಿಯ ಆಕಾರದ ಈ ಆಯುಧದೊಳಗೆ ಸುಮಾರು 290 ರಾತ್ತಲು ಸ್ಫೋಟಕವಿರುತ್ತಿದ್ದು, ನೀರಿನ ಒತ್ತಡದಿಂದಲೇ ಕೆಲಸಮಾಡುವ ಕೀಲೊಂದು ಗೊತ್ತುಮಾಡಿದ ಆಳವನ್ನು ಮುಟ್ಟಿದೊಡನೆ ಅದನ್ನು ಸಿಡಿಸುತ್ತಿದ್ದಿತು. ನೀರು ಗಾಳಿಯಂತೆ ಕುಗ್ಗುವ ವಸ್ತುವಲ್ಲವಾದುದರಿಂದ ಸಮೀಪದ ಸ್ಫೋಟದ ಆಘಾತವು ಹೆಚ್ಚು ಸವೆಯದೆ ಹರಡಿ ಜಲಾಂತರ್ಗಾಮಿಯ ಉಕ್ಕಿನ ಕವಚವನ್ನು ಬಿರಿಯಿಸುತ್ತದೆ. ಆದರೆ ಅದೇ ಆಘಾತ ಮೇಲಿರುವ ಹಡಗಿನ ತಳಕ್ಕೂ ತಗಲುತ್ತದೆಂಬುದನ್ನು ಮರೆಯಲಾಗದು. ಅಗಾಧವಾದ ಸಾಗರದಲ್ಲಿ ಆ ಪೀಪಾಯಿ ನೂರಾರು ಅಡಿ ಇಳಿಯುವಷ್ಟರಲ್ಲಿ ಹಡಗು ದೂರ ಸರಿದಿರುವುದು. ಇಲ್ಲಿಯಾದರೋ 50 ಅಡಿಯಲ್ಲಿಯೇ ಸಿಡಿಸಬೇಕಾದ ಸಂದರ್ಭಗಳು ಬರುತ್ತಿದ್ದುವು. ಸೆಕೆಂಡಿಗೆ ಸುಮಾರು ಹತ್ತು ಅಡಿಯಂತೆ ಮುಳುಗುವ ಆಯುಧವು ಆ ಆಳವನ್ನು ಸೇರಲು ಐದು ಸೆಕೆಂಡು ಸಾಕು; ಆ ಐದು ಸೆಕೆಂಡುಗಳಲ್ಲಿ 20 ನಾಟ್ ವೇಗದ ಹಡಗು 170 ಅಡಿ ಮುಂದುವರಿದಿರುತ್ತದೆ, ಹತ್ತು ನಾಟ್ ವೇಗದ್ದು ಅದರ ಅರ್ಧವನ್ನಷ್ಟೆ. ಕಿರಿದಾಳದ ಕಡಲಿನಲ್ಲಿ ಬೇಟೆಯಾಡುವವನಿಗೆ ವೇಗವು ಶತ್ರುವನ್ನು ಹಿಡಿಯುವುದಕ್ಕೆ ಬೇಕಾದಂತೆಯೇ ತನ್ನ ಆಯುಧದಿಂದ ತಾನು ಪಾರಾಗುವುದಕ್ಕೂ ಬೇಕು.

ಬೇಟೆಯ ಕಿವಿಯಾಗಿದ್ದುದು ಆಸ್ಡಿಕ್ ಎಂಬ ಉಪಕರಣ. ಸ್ಫಟಿಕಶಿಲೆಯ ತೆಳುಬಿಲ್ಲೆಗಳನ್ನು ಎರಡು ಉಕ್ಕಿನ ಫಲಕಗಳ ನಡುವೆ ಒತ್ತಿಟ್ಟು ವಿದ್ಯುತ್ತನ್ನು ಹಿಂದುಮುಂದಾಗಿ ಹರಿಸಿದರೆ ಅವು ಹಿಗ್ಗಿ ಕುಗ್ಗಿ ನೀರಿನಲ್ಲಿ ನಾದದ ಮಿಡಿತವನ್ನೆಬ್ಬಿಸುತ್ತವೆ. ಆ ನಾದವು ಏನನ್ನಾದರೂ ತಾಗಿ ಹಿಂದಿರುಗಿ ಬಂದು ಅದೇ ಬಿಲ್ಲೆಗಳನ್ನು ಒತ್ತಿದಾಗ ಅವು ವಿದ್ಯುತ್ತನ್ನು ಹೊಮ್ಮಿಸುತ್ತವೆ. ಕಡಲನೀರಿನಲ್ಲಿ ನಾದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್ ಆದುದರಿಂದ, ಎರಡು ಸೆಕೆಂಡಿನ ತರುವಾಯ ಕೇಳಿದ ಮಾರುದನಿಯು ಒಂದೂವರೆ ಕಿಲೋಮೀಟರ್ ದೂರದ ವಸ್ತುವನ್ನು ಸೂಚಿಸುತ್ತದೆ. ಹಡಗಿನ ಒಂದು ಮೂಲೆಯ ಇಕ್ಕಟ್ಟಾದ ಕೋಣೆಯಲ್ಲಿ ಕಿವಿಗವಚ ಧರಿಸಿ ಕುಳಿತ ನಾವಿಕನು ದೂರವನ್ನಲ್ಲದೆ ಆ ಮಾರುದನಿಯ ಶ್ರುತಿಯನ್ನೂ ಗಮನಿಸುತ್ತಿದ್ದನು; ಶ್ರುತಿ ಏರಿದ್ದರೆ ವಸ್ತು ಹತ್ತಿರ ಬರುತ್ತಿದೆ, ಇಳಿದಿದ್ದರೆ ದೂರ ಸರಿಯುತ್ತಿದೆ. ಆದರೆ ಪೂರ್ವತೀರದ ತಳದಲ್ಲಿ ಹಿಂದಿನ ಮಹಾಯುದ್ಧದಲ್ಲಿಯೂ ಅದಕ್ಕೆ ಮೊದಲೂ ಮುಳುಗಿದ ಅಸಂಖ್ಯ ಹಡಗುಗಳ ಅವಶೇಷಗಳಿದ್ದುವು, ಮರಳಿನ ಏರುಗಳಿದ್ದುವು, ಮೀನಿನ ಹಿಂಡುಗಳಿದ್ದುವು. ಇವೆಲ್ಲವೂ ಮಾರುದನಿ ಕೊಡುವಂಥವೇ ಆಗಿದ್ದು, ಅವುಗಳ ನಡುವೆ ಶತ್ರುವಿನ ದನಿಯನ್ನು ಆರಿಸುವುದು ಜಾತ್ರೆಯ ಗದ್ದಲದಲ್ಲಿ ಒಬ್ಬನ ಪಿಸುಮಾತನ್ನು ಗುರುತಿಸಿದಂತೆ ಕಠಿಣವಾಗಿದ್ದಿತು.

ಆದಕಾರಣವೇ 1939ರ ಅಕ್ಟೋಬರ್ 24ರಂದು ಪಫಿನ್ ಬೇಟೆಗೆ ಹೊರಟಾಗ ಅದಕ್ಕೆ ದಾರಿತೋರಿಸಿದುದು ಅದರ ಸ್ವಂತ ಕಿವಿಯಾಗಿರದೆ ದಡದಲ್ಲಿದ್ದ ಒಂದು ಸೂಕ್ಷ್ಮಯಂತ್ರವಾಗಿದ್ದಿತು. ಡೋವರ್ ಸಮೀಪದ ಸೇಂಟ್ ಮಾರ್ಗರೆಟ್ಸ್ ಕೊಲ್ಲಿಯಿಂದ ಕಡಲತಳದ ಮೇಲೆ ತಾಮ್ರದ ಕೇಬಲನ್ನು ದೊಡ್ಡ ಕುಣಿಕೆಯಾಗಿ ಹಾಸಿದ್ದರು. ಉಕ್ಕಿನ ಯಾವ ಹಡಗಿಗಾದರೂ ಭೂಮಿಯ ಅಯಸ್ಕಾಂತತೆಯಿಂದ ಬಂದ ಅಲ್ಪಸ್ವಲ್ಪ ಅಯಸ್ಕಾಂತಗುಣ ಇದ್ದೇ ಇರುತ್ತದೆ. ಅಂಥ ವಸ್ತುವು ಕುಣಿಕೆಯ ಮೇಲೆ ಹಾದುಹೋದರೆ, ಫ್ಯಾರಡೆ ಕಂಡುಹಿಡಿದ ನಿಯಮಕ್ಕನುಸಾರವಾಗಿ ಕೇಬಲಿನಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟಿ, ದಡದ ಮೇಲಿನ ಕೋಣೆಯಲ್ಲಿ ಗ್ಯಾಲ್ವನಾಮೀಟರಿನ ಸೂಚಿಯು ಒಂದು ಬದಿಗೆ ವಾಲಿ, ಮರಳಿ, ಇನ್ನೊಂದು ಬದಿಗೆ ವಾಲುತ್ತದೆ. ಆ ಕ್ಷಣದಲ್ಲಿ ಮೇಲೆ ಹಡಗು ಕಾಣಿಸಿದರೆ ಚಿಂತೆಯಿಲ್ಲ. ಸೂಚಿ ಅಲುಗಿಯೂ ಕಡಲಿನ ಮೇಲೆ ಏನೂ ಕಾಣದಿದ್ದರೆ ಹೋದದ್ದು ನೀರಿನೊಳಗೆ. ಅಂದು ಹಾಗೆ ಸಿಕ್ಕಿಬಿದ್ದುದು ಜರ್ಮನಿಯ ‘ಯು-16’ ಎಂಬ ಸಣ್ಣ ಜಲಾಂತರ್ಗಾಮಿ. 140 ಅಡಿ ಉದ್ದದ ಅದೂ ಪಫಿನ್ನಿನಂತೆ 1936ರಲ್ಲಿಯೇ ಸೇವೆಗೆ ಬಂದದ್ದು. ಪಫಿನ್ ಮತ್ತು ಸಶಸ್ತ್ರ ಮೀನುದೋಣಿಯಾದ ‘ಕೇಟನ್ ವೈಕ್’ ಅದರ ಮೇಲೆ ಡೆಪ್ತ್ ಚಾರ್ಜುಗಳನ್ನು ಸುರಿಸಿದುವು. ಮರುದಿನದ ಹೊತ್ತಿಗೆ ಅದರ ಕಥೆ ಮುಗಿದಿದ್ದು, ಒಡೆದ ಒಡಲು ಕೆಂಟ್ ತೀರದ ಗುಡ್ವಿನ್ ಮರಳುದಿಬ್ಬದ ಮೇಲೆ ಬಂದು ಬಿದ್ದಿತು, ಒಬ್ಬನೂ ಉಳಿಯಲಿಲ್ಲ. ಡೋವರ್ ಜಲಸಂಧಿಗೆ ಅಡ್ಡಲಾಗಿ ಬ್ರಿಟಿಷರು ಹಾಸಿದ್ದ ಮೈನುಗಳಿಗೆ ಅದೇ ತಿಂಗಳಿನಲ್ಲಿ ಯು-12, ಯು-40 ಎಂಬ ಇನ್ನೆರಡು ಬಲಿಯಾಗಿದ್ದುವು. ಆ ಬಳಿಕ ಜರ್ಮನರು ಅಟ್ಲಾಂಟಿಕಿಗೆ ಹೋಗುವ ತಮ್ಮ ಜಲಾಂತರ್ಗಾಮಿಗಳನ್ನು ಆ ಹತ್ತಿರದ ದಾರಿ ಬಿಡಿಸಿ ಸ್ಕಾಟ್ಲೆಂಡಿನ ಉತ್ತರವನ್ನು ಸುತ್ತಿ ಕಳುಹಬೇಕಾಯಿತು. ಜಲಸಂಧಿಯೊಂದು ಹೀಗೆ ಮುಚ್ಚಿಹೋದುದು ಬಹಳ ದೊಡ್ಡ ಫಲವೆಂದೇ ನಾನು ಭಾವಿಸುತ್ತೇನೆ.

ಆದರೆ ಉಕ್ಕಿನ ಒಡಲಿನ ಯಾವ ಗುಣವು ಜಲಾಂತರ್ಗಾಮಿಯನ್ನು ಹಿಡಿದುಕೊಟ್ಟಿತೋ ಅದೇ ಗುಣವು ಅದನ್ನು ಹಿಡಿದವರಿಗೂ ಮುಳುವಾಯಿತು. ಕಡಲತಳದಲ್ಲಿ ಮಲಗಿದ್ದು, ಮೇಲೆ ಸಾಗುವ ಹಡಗಿನ ಅಯಸ್ಕಾಂತಕ್ಷೇತ್ರಕ್ಕೆ ಒಳಗಿನ ಮುಳ್ಳು ಅಲುಗಿದೊಡನೆ ಸಿಡಿಯುವ ಮೈನುಗಳನ್ನು ಜರ್ಮನರು ಆ ಶರತ್ಕಾಲದಲ್ಲಿ ಬಿತ್ತತೊಡಗಿದರು. ಆಳವಾದ ಕಡಲಿನಲ್ಲಿ ಇಂಥ ಮೈನು ನಿಷ್ಫಲ, ಏಕೆಂದರೆ ತಳದಲ್ಲಿನ ಸ್ಫೋಟವು ಮೇಲಿನ ಹಡಗನ್ನು ಮುಟ್ಟುವಷ್ಟರಲ್ಲಿ ಬಲಗುಂದಿರುತ್ತದೆ. ಆಳವಿಲ್ಲದ ಪೂರ್ವತೀರವಾದರೋ ಅದಕ್ಕೆ ಹೇಳಿಮಾಡಿಸಿದ ಹೊಲ. ನವೆಂಬರ್ 20ರಂದು ಕಿಟಿವೇಕ್ ಮೈನೊಂದಕ್ಕೆ ಸಿಕ್ಕಿ ಜಖಂಗೊಂಡಿತು. ಅದಾದ ಮೂರು ದಿನಗಳಿಗೆ, ಥೇಮ್ಸ್ ಮುಖದ ಷೂಬರಿನೆಸ್ ಎಂಬಲ್ಲಿ ವಿಮಾನದಿಂದ ತಪ್ಪಿ ಕೆಸರಿಗೆ ಬಿದ್ದ ಅಯಸ್ಕಾಂತ ಮೈನೊಂದನ್ನು ಜಾನ್ ಊವ್ರಿ ಎಂಬ ನೌಕಾಧಿಕಾರಿಯು, ನೀರು ಏರುವ ಮುನ್ನ, ಕಬ್ಬಿಣವಲ್ಲದ ಸಲಕರಣೆಗಳಿಂದ ಬಿಚ್ಚಿ ಅದರ ಗುಟ್ಟನ್ನು ಬಯಲಿಗೆ ತಂದನು. ಪರಿಹಾರವು ತತ್ತ್ವತಃ ಸುಲಭ: ಹಡಗಿನ ಒಡಲಿನ ಸುತ್ತ ತಂತಿ ಸುತ್ತಿ ವಿದ್ಯುತ್ತು ಹರಿಸಿ, ಅದರ ಸ್ವಾಭಾವಿಕ ಅಯಸ್ಕಾಂತತೆಗೆ ಎದುರಾದ ಕ್ಷೇತ್ರವನ್ನು ಹುಟ್ಟಿಸಿ ಎರಡನ್ನೂ ಸರಿದೂಗಿಸುವುದು. ಇದನ್ನು ಸಾವಿರಾರು ಹಡಗುಗಳಿಗೆ ಅಳವಡಿಸಿದ ಶ್ರಮವು ಯುದ್ಧದ ಮಹತ್ಕಾರ್ಯಗಳಲ್ಲಿ ಒಂದೆಂದು ಎಣಿಸಲ್ಪಡಬೇಕು.

ಇಷ್ಟೆಲ್ಲ ಅಪಾಯವನ್ನು ದಿನದಿನವೂ ಎದುರಿಸಿ ಈ ಹಡಗುಗಳು ಕಾಯುತ್ತಿದ್ದುದು ಬಹುಮಟ್ಟಿಗೆ ಕಲ್ಲಿದ್ದಲನ್ನು. ಲಂಡನ್ನಿನ ವಿದ್ಯುತ್ತು, ಅನಿಲ, ಕಾರ್ಖಾನೆ, ಮನೆಯ ಒಲೆ ಇವೆಲ್ಲಕ್ಕೂ ಬೇಕಾದ ಕಲ್ಲಿದ್ದಲು ಟೈನ್ ನದಿಯ ಗಣಿಪ್ರದೇಶದಿಂದ ಸಣ್ಣ ಹಡಗುಗಳಲ್ಲಿ ಬರುತ್ತಿದ್ದಿತು. ಅಷ್ಟನ್ನೂ ಹೊರುವ ಶಕ್ತಿ ರೈಲುಮಾರ್ಗಗಳಿಗೆ ಇರಲಿಲ್ಲ. ಆದುದರಿಂದ ಥೇಮ್ಸ್ ಮುಖದ ಸೌತೆಂಡಿನಿಂದ ಸ್ಕಾಟ್ಲೆಂಡಿನ ಮೆತಿಲ್ ಬಂದರಿಗೂ ಅಲ್ಲಿಂದ ಇಲ್ಲಿಗೂ ಹಡಗುಗಳ ಸಾಲುಗಳು ಯುದ್ಧದುದ್ದಕ್ಕೂ ಹೋಗಿ ಬಂದು ಮಾಡಿದುವು. ಮೈನುಗಳನ್ನು ಗುಡಿಸಿ ಬೋಯೆಗಳಿಂದ ಗುರುತುಮಾಡಿದ ಇಕ್ಕಟ್ಟಾದ ಓಣಿಯೊಂದರಲ್ಲಿಯೇ ಅವು ಸಾಗಬೇಕು; ಬದಿಗೆ ಸರಿದರೆ ಮೈನು ಇಲ್ಲವೆ ಮರಳು. ಎರಡು ಸಾಲಾಗಿ ಮೈಲಿಗಟ್ಟಲೆ ಹಬ್ಬಿದ ಆ ಮೆರವಣಿಗೆಯ ಇಕ್ಕೆಲಗಳನ್ನು ಕಾಯಲು ಕೆಲವೇ ಬೆಂಗಾವಲು ನೌಕೆಗಳು. ಕತ್ತಲೆಯಾದ ಮೇಲೆ, ಮೂರು ಡೀಸಲ್ ಯಂತ್ರಗಳಿಂದ 40 ನಾಟ್‌ಗೆ ಹತ್ತಿರದ ವೇಗದಲ್ಲಿ ಧಾವಿಸುವ, ‘ಈ-ಬೋಟ್’ ಎಂದು ಕರೆಯಲ್ಪಡುತ್ತಿದ್ದ ಜರ್ಮನ್ ಟಾರ್ಪಿಡೊ ದೋಣಿಗಳು ಬಂದೆರಗುತ್ತಿದ್ದುವು. ನಾವಿಕರು ಆ ಹಾದಿಗೆ ‘ಈ-ಬೋಟ್ ಓಣಿ’ ಎಂದೇ ಹೆಸರಿಟ್ಟಿದ್ದರು. ಹಾರ್ವಿಚ್ ಬಂದರಿನಿಂದ ಹೊರಡುತ್ತಿದ್ದ ಈ ಹಕ್ಕಿಹೆಸರಿನ ನೌಕೆಗಳಿಗೆ ಅವನ್ನು ಅಟ್ಟಿ ಹಿಡಿಯುವುದು ಅಸಾಧ್ಯವಾದ ಮಾತು. ನಿಂತ ಎಡೆಯಲ್ಲಿಯೇ ಫಿರಂಗಿ ಹಾರಿಸಿ, ಸಾಲನ್ನು ಬಿಡದೆ ಕಾಯುವುದಷ್ಟೇ ಅವುಗಳ ಪಾಲಿಗೆ ಬಂದುದು. 1941ರ ಜೂನ್ 10ರಂದು ಉತ್ತರಕ್ಕೆ ಸಾಗುವ ಸಾಲೊಂದರೊಡನಿದ್ದ ಪಿನ್‌ಟೇಲ್, ಹಂಬರ್ ನದೀಮುಖದಾಚೆ ಮೈನಿಗೆ ಸಿಕ್ಕಿ ತನ್ನ ನಾವಿಕರಲ್ಲಿ ಬಹುಮಂದಿಯೊಡನೆ ಮುಳುಗಿತು. ಒಂಬತ್ತರಲ್ಲಿ ಮುಳುಗಿದುದು ಅದೊಂದೇ.

ಯುದ್ಧಕಾಲದಲ್ಲಿ ಈ ವರ್ಗದ ಹತ್ತನೆಯ ಹಡಗನ್ನು ಯಾರೂ ಕಟ್ಟಲಿಲ್ಲ. ಟರ್ಬೈನುಗಳನ್ನೂ ಅವುಗಳ ಹಲ್ಲುಗಾಲಿಗಳನ್ನೂ ತಯಾರಿಸಬಲ್ಲ ಕಾರ್ಖಾನೆಗಳು ಬೆರಳೆಣಿಕೆಯಷ್ಟಿದ್ದು ಅವೆಲ್ಲ ದೊಡ್ಡ ನೌಕೆಗಳ ಕೆಲಸದಲ್ಲಿ ಮುಳುಗಿದ್ದುದರಿಂದ, ನೌಕಾಧಿಕಾರಿಗಳು ತಿಮಿಂಗಿಲಬೇಟೆಯ ಹಡಗಿನ ಮಾದರಿಯಲ್ಲಿ ಸ್ಮಿತ್ಸ್ ಡಾಕ್ ಸಂಸ್ಥೆಯು ರೂಪಿಸಿದ, ಹಳೆಯ ಕಾಲದ ಉಗಿಯಂತ್ರದಿಂದ 16 ನಾಟ್ ಓಡುವ, ಹೂವುಗಳ ಹೆಸರಿನ ಕಾರ್ವೆಟ್ಟುಗಳನ್ನು ಆರಿಸಿಕೊಂಡರು. ಅವನ್ನು ಯಾವ ಸಣ್ಣ ಕಟ್ಟೆಯಾದರೂ ಕಟ್ಟಬಹುದಾಗಿದ್ದು, ಇನ್ನೂರಕ್ಕೂ ಮಿಕ್ಕು ಹೊರಬಂದು ಅಟ್ಲಾಂಟಿಕಿನ ಯಶಸ್ಸು ಅವುಗಳ ಹೆಸರಿಗೆ ಸಂದಿತು. ಪಫಿನ್ನಿನ ವರ್ಗವನ್ನು ಅತಿಸೂಕ್ಷ್ಮ, ಅತಿವೆಚ್ಚದ ಪ್ರಯೋಗವೆಂದು ಬದಿಗೊತ್ತುವುದು ಅಲ್ಲಿಂದ ರೂಢಿಯಾಯಿತು. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಮಹಾಸಾಗರಕ್ಕೆ ಬೇಕಾದುದು ಬೇರೆ, ಮರಳುದಿಬ್ಬಗಳ ನಡುವಣ ಓಣಿಗೆ ಬೇಕಾದುದು ಬೇರೆ, ಮತ್ತು ಎರಡನೆಯದರಲ್ಲಿ ಈ ನೌಕೆಗಳು ಆರು ವರ್ಷಗಳ ಪರ್ಯಂತ ದುಡಿದುವು.

ಯುದ್ಧದ ಕಡೆಯ ಚಳಿಗಾಲದಲ್ಲಿ ಜರ್ಮನರು ಹಾಲೆಂಡಿನ ಐಮೊಯ್ಡನ್ ಬಂದರಿನಿಂದ ‘ಝೇಹುಂಡ್’ ಎಂಬ ಕಿರುಜಲಾಂತರ್ಗಾಮಿಗಳನ್ನು ಈ ಹಾದಿಗೆ ಕಳುಹತೊಡಗಿದರು. ಹನ್ನೆರಡು ಮೀಟರ್ ಉದ್ದ, ಒಳಗೆ ಇಬ್ಬರೇ ಇಬ್ಬರು, ಹೊಟ್ಟೆಯ ಇಕ್ಕೆಲಗಳಲ್ಲಿ ಎರಡು ಟಾರ್ಪಿಡೊ. ಆಸ್ಡಿಕ್ಕಿನ ನಾದವನ್ನು ಹಿಂದಿರುಗಿಸಲು ಅವುಗಳ ಮೈ ಸಾಲದು. ತೂಕ ಅತ್ಯಲ್ಪವಾದುದರಿಂದ ಡೆಪ್ತ್ ಚಾರ್ಜಿನ ಆಘಾತವು ಅವನ್ನು ಒಡೆಯುವ ಬದಲು ಪಕ್ಕಕ್ಕೆ ತಳ್ಳಿಬಿಡುವುದೇ ಹೆಚ್ಚು. ದೊಡ್ಡ ಜಲಾಂತರ್ಗಾಮಿಗೆಂದು ವರ್ಷಗಟ್ಟಲೆ ತಿದ್ದಿದ ವಿದ್ಯೆಯೆಲ್ಲ ಅಷ್ಟು ಸಣ್ಣ ಎದುರಾಳಿಯ ಮುಂದೆ ಮೊಂಡಾಯಿತು. 1945ರ ಮಾರ್ಚ್ 26ರಂದು ಲೋವೆಸ್ಟಾಫ್ಟ್ ಬಳಿ ಅಂಥದೊಂದು ಎದುರಾದಾಗ ಪಫಿನ್ ಉಳಿದೆಲ್ಲ ಆಯುಧಗಳಿಗೂ ಹಿರಿದಾದುದನ್ನು, ಎಂದರೆ ತನ್ನ ಮೂತಿಯನ್ನೇ, ಬಳಸಿತು. ಹಡಗು ನೇರವಾಗಿ ಡಿಕ್ಕಿ ಹೊಡೆದೊಡನೆ ಝೇಹುಂಡಿನ ಟಾರ್ಪಿಡೊಗಳು ಸಿಡಿದುವು. ಕಿರುನೌಕೆ ನಾಶವಾಯಿತು, ಪಫಿನ್ನಿನ ಮುಂಭಾಗವೂ ಛಿದ್ರವಾಯಿತು. ಹಡಗು ತೇಲಿಕೊಂಡೇ ಬಂದರನ್ನು ಸೇರಿತಾದರೂ, ಯೂರೋಪಿನ ಯುದ್ಧವು ಮುಗಿಯಲು ಆರು ವಾರಗಳಷ್ಟೇ ಉಳಿದಿದ್ದ ಆ ಹೊತ್ತಿನಲ್ಲಿ, ಒಂಬತ್ತು ವರ್ಷ ಸವೆದ ಒಡಲಿಗೆ ಹೊಸ ಮೂತಿಯನ್ನು ಕಟ್ಟುವುದು ವ್ಯರ್ಥವೆಂದು ನೌಕಾಧಿಕಾರಿಗಳು ನಿರ್ಣಯಿಸಿದರು. 1947ರಲ್ಲಿ ಅದನ್ನು ಒಡೆಯಲು ಮಾರಿದರು.